ಮಾವನ ಪಾಲಿನ ಐದು ಎಲೆ

ಸಾರಿಗೆ ಹುಣಸೆಹಣ್ಣು ಕಿವುಚಿಕೊಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಹೆಂಡತಿ ನನ್ನನ್ನು ನಂಬಿ ಒಪ್ಪಿಸಿದ ಏಕೈಕ ಅಡುಗೆ ಕೆಲಸವೂ ಹೌದು. ಕಿವುಚುವಾಗ ತಪ್ಪಿ ಉಳಿದ ಬೀಜವೊಂದು ಬೆರಳಿಗೆ ಸಿಕ್ಕಿತೆಂದರೆ ಬೇರೆಯವರು ಅದನ್ನು ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ಬೀಜವನ್ನು ತೊಳೆದು, ಪಂಚೆಗೆ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಇಡುತ್ತೇನೆ. ಅದು ಯಾರದೋ ಪಾಲಿನದು, ಕೇಳದೆ ಎಸೆದರೆ ತಪ್ಪಾಗುತ್ತದೆ ಎಂದು ಅನ್ನಿಸುತ್ತದೆ. ನಗುವವರು ನಗಲಿ. ನನ್ನ ಅತ್ತೆಯ ಎದುರು ಕೂತು ಇಸ್ಪೀಟು ಆಡಿದವರು ಯಾರೂ ನಗುವುದಿಲ್ಲ. ಹಾಗೆ ಆಡಿದವರು ಇಬ್ಬರೇ ಇದ್ದೆವು, ನಮ್ಮಲ್ಲಿ ಒಬ್ಬರು ಈಗ ಇಲ್ಲ.

ಪುಣೆಯ ನಾರಾಯಣ ಪೇಟೆಯ ಹಳೆಯ ವಾಡೆಯೊಂದರಲ್ಲಿ ಮಾಳಿಗೆಯ ಮೇಲಿನ ಮೂರು ಕೋಣೆಗಳು ನನ್ನ ಮಾವನ ಬಾಡಿಗೆ ಮನೆ. ನಾನು ಧಾರವಾಡದ ಕಡೆಯವನು. ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಬೇರೆ ಮನೆ ಸಿಗುವ ತನಕ ಎಂದು ಆ ಮೂರು ಕೋಣೆಗಳಿಗೆ ಟ್ರಂಕು ತಂದಿಟ್ಟವನು ವರ್ಷಗಟ್ಟಲೆ ಬೇರೆ ಮನೆ ಹುಡುಕುತ್ತಲೇ ಇದ್ದೆ. ಮನೆ ಅಳಿಯ ಎನ್ನುವ ಮಾತನ್ನು ಯಾರೂ ನನ್ನ ಎದುರಿಗೆ ಆಡಲಿಲ್ಲ. ಬೆನ್ನ ಹಿಂದೆ ಆಡುವಷ್ಟು ಸೌಜನ್ಯ ನಮ್ಮ ಬಂಧುಗಳಲ್ಲಿ ಇತ್ತು.

ಹೆಣ್ಣು ನೋಡಲು ಹೋದಾಗ ಮಾವ ನನ್ನ ಸಂಬಳ ಕೇಳಲಿಲ್ಲ. ಇಸ್ಪೀಟು ಬರುತ್ತದೆಯೇ ಎಂದು ಕೇಳಿದರು. ಅವರು ಲಷ್ಕರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿಯ ಯಾವನೋ ಸಾಹೇಬನಿಂದ ಪೋಕರ್ ಕಲಿತು, ಮನೆಗೆ ತಂದು, ಹೆಂಡತಿಗೆ ಕಲಿಸಿದ್ದರು. ದುಡ್ಡು ಇಟ್ಟು ಆಡುವುದು ಅತ್ತೆಯ ಮನೆತನಕ್ಕೆ ಆಗದ ಮಾತು. ಹಾಗಾಗಿ ದುಡ್ಡಿನ ಬದಲು ಹುಣಸೆಬೀಜ ಬಂತು.

ಆಟ ಬಲು ಸರಳ. ಎಲ್ಲರೂ ನಡುವೆ ಒಂದೊಂದು ಬೀಜ ಹಾಕಬೇಕು. ಒಬ್ಬೊಬ್ಬರಿಗೆ ಐದು ಎಲೆ. ಎಲೆ ನೋಡಿಕೊಂಡು, ಧೈರ್ಯ ಇದ್ದವರು ಇನ್ನಷ್ಟು ಬೀಜ ಹಾಕುತ್ತಾರೆ. ಧೈರ್ಯ ಇಲ್ಲದವರು ‘ಪ್ಯಾಕ್’ ಎಂದು ಎಲೆ ಮಗುಚಿ ಕೂರುತ್ತಾರೆ. ಆಮೇಲೆ ಬೇಡವಾದ ಎಲೆ ಕೊಟ್ಟು ಬದಲಿ ತೆಗೆದುಕೊಳ್ಳಬಹುದು. ಮತ್ತೊಮ್ಮೆ ಬೀಜ. ಎದುರಿನವರು ಪ್ಯಾಕ್ ಅಂದರೆ ನಿಮ್ಮ ಕೈಯಲ್ಲಿ ಏನಿತ್ತೆಂದು ತೋರಿಸಬೇಕಾಗಿಲ್ಲ, ನಡುವೆ ಇದ್ದದ್ದೆಲ್ಲ ನಿಮ್ಮದು. ಮೂರು ರಾಣಿ, ಮೂರು ರಾಜ ಇದ್ದರೆ ದೊಡ್ಡ ಕೈ. ಐದೂ ಎಲೆ ಒಂದೇ ಜಾತಿಯದಾದರೆ ಅದು ಕಲರ್, ಮೂರು ರಾಣಿಗಿಂತ ದೊಡ್ಡದು. ಆದರೆ ನಾಲ್ಕು ಒಂದೇ ಜಾತಿಯದಿದ್ದು ಐದನೆಯದು ಬೇರೆ ಇದ್ದರೆ ಅದು ಏನೂ ಅಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಮಾವನಿಗೆ ಪ್ರೀತಿ ಇದ್ದದ್ದು ಈ ಜುಟ್ಟಿನ ಮಲ್ಲಿಗೆಯ ಮೇಲೆಯೇ. ನಾಲ್ಕು ಬದಾಮ, ಅಂದರೆ ನಾಲ್ಕು ಕೆಂಪು ಹೃದಯದ ಎಲೆ, ಕೈಗೆ ಬಂದರೆ ಐದನೆಯದೂ ಬಂದೇಬಿಟ್ಟಿದೆ ಎನ್ನುವ ಗತ್ತಿನಲ್ಲಿ ಬೀಜ ಸುರಿಯುತ್ತಿದ್ದರು. ಎದುರಿನವರು ಹೆದರಿ ಎದ್ದರೆ ಗೆದ್ದಂತೆಯೇ, ಏಳದಿದ್ದರೆ ಎಲೆ ನಿಜವಾಗಿಯೂ ಬರಬಹುದು ಎನ್ನುವುದು ಅವರ ಲೆಕ್ಕ. ಐದು ಸಲಕ್ಕೆ ಒಂದು ಸಲವೂ ಅದು ಬರುತ್ತಿರಲಿಲ್ಲ. ಆದರೂ ಅವರು ಗೆಲ್ಲುತ್ತಿದ್ದರು, ಯಾಕೆಂದರೆ ಎದುರಿಗೆ ಕೂತವರು ಅತ್ತೆ.

ಅತ್ತೆ ಬದನೆಕಾಯಿಯನ್ನು ನಾಲ್ಕೂ ಕಡೆ ಒತ್ತಿ ನೋಡುವವರು. ಹಾಲು ಉಕ್ಕಿ ಚೆಲ್ಲಿದ ಮೇಲೆಯೇ ಅದು ಕಾಯಿತೆಂದು ನಂಬುವವರು. ಬೆಳಗಾವಿಯ ಬಸ್ಸಿಗೆ ಎರಡು ತಾಸು ಮೊದಲೇ ಸ್ವಾರಗೇಟಿನ ನಿಲ್ದಾಣಕ್ಕೆ ಹೋಗಿ ಗಂಟಿನ ಮೇಲೆ ಕೂರುವವರು. ಕೈಯಲ್ಲಿ ಮೂರು ಒಂದೇ ಥರದ ಎಲೆ ಇಲ್ಲದಿದ್ದರೆ ಅವರು ಒಂದು ಬೀಜವನ್ನೂ ಮುಂದೆ ತಳ್ಳಿದವರಲ್ಲ. ಭಾನುವಾರ ಮಧ್ಯಾಹ್ನ ಪೂರ್ತಿ ಪ್ಯಾಕ್, ಪ್ಯಾಕ್, ಪ್ಯಾಕ್. “ಕೈಯಾಗ ಇದ್ದದ್ದು ಇದ್ದದ್ದು. ಬರೂದು ಬಂದಮ್ಯಾಲೆ ನೋಡೂಣು” ಎನ್ನುವುದು ಅವರ ಒಂದೇ ಸೂತ್ರ. ಇಂಥವರ ಎದುರು ಸುಳ್ಳು ಧೈರ್ಯ ತೋರಿಸಿ ಗೆಲ್ಲುವುದಕ್ಕೆ ಬುದ್ಧಿ ಬೇಕಾಗಿಲ್ಲ, ಮುಖ ಗಟ್ಟಿ ಇದ್ದರೆ ಸಾಕು. ನಾನು ಮಾವನಿಂದ ಅದೊಂದನ್ನು ಬೇಗ ಕಲಿತೆ.

ಮದುವೆಯ ಎರಡನೆಯ ವರ್ಷ ಮಾವ ತೀರಿಕೊಂಡರು. ಹದಿಮೂರು ದಿನ ಕಳೆದು ಬಂದ ಮೊದಲ ಭಾನುವಾರ, ಊಟವಾದ ಮೇಲೆ, ಅತ್ತೆ ಚಾಪೆ ಹಾಸುವ ಬದಲು ಮೇಜಿನ ಮೇಲೆ ಇಸ್ಪೀಟಿನ ಕಟ್ಟು ತಂದಿಟ್ಟರು. ನನಗೆ ಐದು ಹಂಚಿದರು, ತಮಗೆ ಐದು ಹಂಚಿಕೊಂಡರು. ಆಮೇಲೆ ಮಾವನ ಬೆತ್ತದ ಕುರ್ಚಿಯ ಮುಂದೆ ಐದು ಹಂಚಿದರು.

ಪುಣೆಯ ಪೇಟೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಏನಿರುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಅಂಗಡಿಗಳ ಬಾಗಿಲು ಹಾಕಿರುತ್ತದೆ, ಜನ ಮಲಗಿರುತ್ತಾರೆ, ವಾಡೆಯ ಅಂಗಳದ ನಲ್ಲಿ ಕೂಡ ತೊಟ್ಟಿಕ್ಕುವುದನ್ನು ನಿಲ್ಲಿಸುತ್ತದೆ. ದೆವ್ವಗಳಿಗೆ ರಾತ್ರಿಯೇ ಬೇಕೆಂದು ಹೇಳಿದವರು ನಾರಾಯಣ ಪೇಟೆಯಲ್ಲಿ ಮಧ್ಯಾಹ್ನ ಕಳೆದವರಲ್ಲ. ಒಳಕೋಣೆಯಲ್ಲಿ ವಿದ್ಯಾ, ಅಂದರೆ ನನ್ನ ಹೆಂಡತಿ, ನಿದ್ದೆ ಮಾಡುತ್ತಿದ್ದಳು. ಅಪ್ಪನ ಕುರ್ಚಿಯ ಮುಂದೆ ಎಲೆ ಹಂಚುವುದನ್ನು ಅವಳು ಒಂದು ಸಲ ನೋಡಿ, ತನಗೆ ಈ ಆಟ ಬೇಡ ಎಂದು ಎದ್ದುಹೋಗಿದ್ದಳು.

ಆ ಐದು ಎಲೆಯನ್ನು ಯಾರೂ ತೆರೆದು ನೋಡಬಾರದು. ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಮಾವನ ಕನ್ನಡಕದ ಡಬ್ಬಿ. ಬದಲಿ ತೆಗೆದುಕೊಳ್ಳುವ ಹೊತ್ತಿಗೆ ಅತ್ತೆ ಸ್ವಲ್ಪ ತಲೆ ವಾಲಿಸಿ, ಕಿವಿಗೊಟ್ಟು, ಆಮೇಲೆ ಹೇಳುತ್ತಿದ್ದರು, “ಇವರಿಗೆ ಒಂದು ಬೇಕಂತ.” ಯಾವಾಗಲೂ ಒಂದೇ. ಕೊನೆಯ ಎಲೆಯನ್ನು ನೋಡದೆ ಎಳೆದು ಪಕ್ಕಕ್ಕಿಟ್ಟು, ಕಟ್ಟಿನಿಂದ ಒಂದನ್ನು ಸೇರಿಸುತ್ತಿದ್ದರು. ಮಾವ ಇಷ್ಟರ ಮೇಲೆ ಆಡುತ್ತಿರಲಿಲ್ಲ. ಮೊದಲಿನ ಒಂದು ಬೀಜ ಮಾತ್ರ ಅವರ ಗುಡ್ಡೆಯಿಂದ ನಡುವೆ ಬರುತ್ತಿತ್ತು. ಆಟ ಮುಗಿದ ಮೇಲೆ ಅವರ ಎಲೆಗಳು ಮಗುಚಿದ ಹಾಗೆಯೇ ಕಟ್ಟಿಗೆ ಸೇರುತ್ತಿದ್ದವು.

ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಆಟಕ್ಕೆ ಒಂದೊಂದು ಬೀಜ ಕಳೆದುಕೊಂಡು, ಎಂದೂ ಗೆಲ್ಲದ ಮನುಷ್ಯನ ಗುಡ್ಡೆ ಕರಗಬೇಕಲ್ಲವೇ? ಕರಗುತ್ತಿರಲಿಲ್ಲ. ಅತ್ತೆ ಗುಟ್ಟಾಗಿ ತುಂಬಿಸುತ್ತಾರೆಂದು ನಾನು ಸುಮ್ಮನಿದ್ದೆ. ಒಂದು ದಿನ ಅವರೇ ನನಗೆ, “ಇವರ ಗುಡ್ಡಿಗೆ ನೀವು ಬೀಜ ಹಾಕಬ್ಯಾಡ್ರಿ, ರೂಢಿ ಕೆಡ್ತದ” ಎಂದರು. ನಾನು ಒಂದನ್ನೂ ಹಾಕಿರಲಿಲ್ಲ. ವಿದ್ಯಾ ಆ ಮೇಜಿನ ಹತ್ತಿರವೇ ಬರುವವಳಲ್ಲ.

ಆ ಕನ್ನಡಕದ ಡಬ್ಬಿಗೆ ಇನ್ನೊಂದು ಉಪಯೋಗವೂ ಇತ್ತು. ಅತ್ತೆಗೆ ಕನ್ನಡ, ಮರಾಠಿ ಚೆನ್ನಾಗಿ ಓದಲು ಬರುತ್ತಿತ್ತು, ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಮಾವ ಇದ್ದಾಗ ಇಂಗ್ಲಿಷ್ ಕಾಗದಗಳನ್ನೆಲ್ಲ ಅವರೇ ಓದಿ ಹೇಳುತ್ತಿದ್ದರು. ಅವರು ಹೋದ ಮೇಲೂ ಇಂಗ್ಲಿಷ್ ಲಕೋಟೆ ಬಂದರೆ ಅತ್ತೆ ಅದನ್ನು ಒಡೆಯದೆ, ಮಡಿಸಿ, ಕನ್ನಡಕದ ಡಬ್ಬಿಯೊಳಗೆ ಒಂದು ದಿನ ಇಡುತ್ತಿದ್ದರು. ಮರುದಿನ ತೆಗೆದು ವಿದ್ಯಾಳಿಗೆ ಕೊಟ್ಟು, ನಾಡಿದ್ದು ನೀರು ಬರೂದಿಲ್ಲಂತ ನೋಡು ಎನ್ನುವರು. ಒಡೆದು ನೋಡಿದರೆ ನೀರು ಬರುವುದಿಲ್ಲ ಎಂದೇ ಇರುತ್ತಿತ್ತು. ಪಕ್ಕದ ಮನೆಯವರ ಲಕೋಟೆ ನೋಡಿಯೋ, ಅಂಚೆಯವನನ್ನು ಕೇಳಿಯೋ ತಿಳಿದುಕೊಂಡಿರಬೇಕು ಎಂದು ನಾವು ಗಂಡಹೆಂಡತಿ ನಗುತ್ತಿದ್ದೆವು. ನಗುವಾಗ ಇಬ್ಬರೂ ಸ್ವಲ್ಪ ಜೋರಾಗಿಯೇ ನಗುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕಾರ್ಖಾನೆ ಮುಚ್ಚಿತು. ವಿದ್ಯಾಳಿಗೆ ಆಗ ಐದು ತಿಂಗಳು. ಅತ್ತೆಯ ತಮ್ಮನಿಗೆ ಬೆಳಗಾವಿಯಲ್ಲಿ ಪಾತ್ರೆ ಅಂಗಡಿ. ಅವನು ಕಾಗದ ಬರೆದ. ದೀಪಾವಳಿಯೊಳಗೆ ಮೂವರೂ ಬಂದುಬಿಡಿ, ಮನೆಯ ಹಿಂದಿನ ಖೋಲಿ ಖಾಲಿ ಇದೆ, ಅಳಿಯನು ಅಂಗಡಿಯಲ್ಲಿ ಕೂತುಕೊಳ್ಳಲಿ, ಪುಣೆಯ ಬಾಡಿಗೆ ಮನೆ ಬಿಟ್ಟುಕೊಡಿ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದ. ಹೆಂಡತಿಯ ಸೋದರಮಾವನ ಗಲ್ಲೆಯ ಪಕ್ಕದಲ್ಲಿ ಕೂತು ಕೊಳಗ, ತಪ್ಪಲೆ ತೂಗುವ ನನ್ನ ಮುಂದಿನ ನಲವತ್ತು ವರ್ಷ ಕಣ್ಣಿಗೆ ಕಟ್ಟಿತು. ಆದರೆ ನನಗಿಂತ ಹೆಚ್ಚು ಕಳೆದುಕೊಳ್ಳುವವರು ಅತ್ತೆ. ಆ ಬೆತ್ತದ ಕುರ್ಚಿಯನ್ನು ಬೆಳಗಾವಿಗೆ ಒಯ್ಯಬಹುದಿತ್ತು. ಅದರಲ್ಲಿ ಕೂತವರು ಬರುತ್ತಾರೆಂದು ಏನು ಖಾತ್ರಿ? ಅವರು ಹಾಗೆ ಹೇಳಲಿಲ್ಲ. ತಮ್ಮನ ಕಾಗದ ಓದಿ, ಕುರ್ಚಿಯ ಕೈಯನ್ನು ಸೆರಗಿನಿಂದ ಒರೆಸಿದರು.

ಅದೇ ವಾರ ರಾಂಜಣಗಾಂವದ ಒಂದು ಹೊಸ ಕಾರ್ಖಾನೆಯಲ್ಲಿ ಸಂದರ್ಶನಕ್ಕೆ ಹೋಗಿಬಂದೆ. ಮ್ಯಾನೇಜರು ನಗುತ್ತಲೇ ಮಾತಾಡಿದ, ಪೋಸ್ಟಿನಲ್ಲಿ ತಿಳಿಸುತ್ತೇವೆ ಎಂದ. ನನ್ನ ಕೈಯಲ್ಲಿ ನಾಲ್ಕು ಬದಾಮ ಬಂದಂತಾಯಿತು. ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಹೇಳಿಬಿಟ್ಟೆ, ಕೆಲಸ ಸಿಕ್ಕಿತು, ಸೋಮವಾರದಿಂದ ಬಾ ಅಂದಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೂಸೂ ಹುಟ್ಟಬೇಕಾಗಿತ್ತು, ಕುಲಾವಿಯೂ ಹೊಲಿದಾಯಿತು. ವಿದ್ಯಾ ಅತ್ತಳು. ಅತ್ತೆ ದೇವರ ಮುಂದೆ ಸಕ್ಕರೆ ಇಟ್ಟರು. ತಮ್ಮನಿಗೆ ಬರುವುದಿಲ್ಲ ಎಂದು ಬರೆಯಲು ಒಂದು ಕಾರ್ಡು ತೆಗೆದು ಗೂಡಿನಲ್ಲಿಟ್ಟರು. ಆದರೆ ಬರೆಯಲಿಲ್ಲ. ಬರೂದು ಬಂದಮ್ಯಾಲೆ.

ಸೋಮವಾರದಿಂದ ನನ್ನ ನೌಕರಿ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡಿದು ಹೊರಡುವುದು, ನದಿಯ ದಂಡೆಯ ತೋಟದಲ್ಲಿ ಒಂದು ಬೆಂಚಿನ ಮೇಲೆ ಕೂರುವುದು, ಹನ್ನೊಂದಕ್ಕೇ ಊಟ ಮಾಡಿಬಿಡುವುದು, ಸಂಜೆ ದಣಿದ ಮುಖ ಮಾಡಿಕೊಂಡು ಮೆಟ್ಟಿಲು ಹತ್ತುವುದು. ಬುಧವಾರದ ಹೊತ್ತಿಗೆ ತೋಟದ ಮಾಳಿ ನನ್ನನ್ನು ಹೃದಯದ ಕಾಯಿಲೆಯವನೆಂದು ತಿಳಿದು, ಬಿಸಿಲಿಗೆ ಕೂರಬೇಡಿ ಎಂದು ಬುದ್ಧಿ ಹೇಳತೊಡಗಿದ. ಮನೆಯಲ್ಲಿ ಅತ್ತೆ ಕಂಪನಿಯ ಬಸ್ಸು ಹೇಗಿದೆ, ಕ್ಯಾಂಟೀನಿನಲ್ಲಿ ಏನು ಕೊಡುತ್ತಾರೆ ಎಂದು ಕೇಳುತ್ತಿದ್ದರು. ನಾನು ಆ ಕ್ಯಾಂಟೀನಿನ ಉಪ್ಪಿಟ್ಟನ್ನು ಎಷ್ಟು ಚಂದ ಬಣ್ಣಿಸಿದೆನೆಂದರೆ ಮರುದಿನ ಬೆಂಚಿನ ಮೇಲೆ ಕೂತಾಗ ಅದನ್ನು ತಿನ್ನಬೇಕೆಂದು ನನಗೇ ಆಸೆಯಾಯಿತು. ಗುರುವಾರ ಸಂಜೆ ಮಾತ್ರ ಅತ್ತೆ ಏನೂ ಕೇಳಲಿಲ್ಲ. ಶುಕ್ರವಾರ, ಶನಿವಾರವೂ ಕೇಳಲಿಲ್ಲ.

ಭಾನುವಾರ ಬಂತು. ಊಟ, ಬಾಗಿಲು ಮುಂದೆ ಮಾಡಿದ್ದು, ಮೇಜು, ಮೂರು ಕೈ. ನನಗೆ ನಾಲ್ಕು ಬದಾಮ, ಒಂದು ಕರಿಯ ಏಳು. ರೂಢಿಯಂತೆ ಒಂದು ಮುಷ್ಟಿ ಬೀಜ ಮುಂದೆ ತಳ್ಳಿದೆ. ಅತ್ತೆ ಪ್ಯಾಕ್ ಎನ್ನಬೇಕಾಗಿತ್ತು, ಎನ್ನಲಿಲ್ಲ. ಅವರೂ ಒಂದು ಮುಷ್ಟಿ ತಳ್ಳಿದರು. ಅವರ ಬಳೆ ಮೇಜಿಗೆ ತಗುಲಿದ ಸಪ್ಪಳ ನನಗೆ ಬಹಳ ದೊಡ್ಡದಾಗಿ ಕೇಳಿಸಿತು. ನಾನು ಕರಿಯ ಏಳನ್ನು ಕೊಟ್ಟು ಒಂದು ಎಲೆ ತೆಗೆದುಕೊಂಡೆ. ಅತ್ತೆ ಎರಡು ಬದಲಿಸಿದರು. ಆಮೇಲೆ ಕುರ್ಚಿಯ ಕಡೆ ತಲೆ ವಾಲಿಸಿ ಬಹಳ ಹೊತ್ತು ಕೇಳಿಸಿಕೊಂಡರು. ಇವರಿಗೆ ಒಂದು ಬೇಕಂತ.

ನನ್ನ ಎಲೆ ತೆರೆದು ನೋಡಿದೆ. ಕರಿಯದೇ, ಇನ್ನೊಂದು. ನನ್ನ ಕೈಯಲ್ಲಿ ಒಂದು ಜೋಡಿ ಕೂಡ ಇರಲಿಲ್ಲ. ನಾನು ನನ್ನ ಗುಡ್ಡೆಯನ್ನು ಎರಡೂ ಕೈಯಿಂದ ಮುಂದೆ ತಳ್ಳಿದೆ.

ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ತಿರುಗಿ ತಿರುಗಿ ನಿಂತಿತು. ಬೆತ್ತದ ಕುರ್ಚಿ, ಕೂತವರು ಸ್ವಲ್ಪ ಮುಂದೆ ಬಾಗಿದಾಗ ಕಿರುಗುಟ್ಟುವ ಹಾಗೆ, ಒಮ್ಮೆ ಕಿರುಗುಟ್ಟಿತು. ಬೆತ್ತ ಹಳೆಯದಾದರೆ ಸೆಕೆಗೆ ಹಾಗೆ ಸಪ್ಪಳ ಮಾಡುತ್ತದೆ. ನನಗೆ ಗೊತ್ತು. ಆಗಲೂ ಗೊತ್ತಿತ್ತು, ಆದರೂ ಕಾಲನ್ನು ಆ ಕುರ್ಚಿಯಿಂದ ದೂರ ಎಳೆದುಕೊಂಡೆ.

ಅತ್ತೆ ತಮ್ಮ ಎಲೆ ಕೆಳಗಿಟ್ಟು ಕೇಳಿದರು, “ಅಳಿಯಾರ, ಎಲಿ ಬಂದದೋ, ಬರೂದದನೋ?”

ಇಷ್ಟು ವರ್ಷ ಆಡಿದರೂ ಅವರು ಎಂದೂ ಹಾಗೆ ಕೇಳಿದವರಲ್ಲ. ಎದುರಿನವರ ಕೈ ಕೇಳುವುದು ಆಟದಲ್ಲಿ ಇಲ್ಲ. ಗೂಡಿನಲ್ಲಿದ್ದ ಖಾಲಿ ಕಾರ್ಡು ನನಗೆ ಕಾಣಿಸುತ್ತಿತ್ತು. ಬರುವುದಿದೆ ಎಂದು ಆಗ ಹೇಳಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು, ಹಗುರವೂ ಆಗುತ್ತಿತ್ತು. ನನ್ನ ಬಾಯಿ ತಾನಾಗಿಯೇ ಹೇಳಿತು, “ಬಂದದ್ರಿ.”

ಅವರು ನನ್ನ ಮುಖ ನೋಡಲಿಲ್ಲ. ಕುರ್ಚಿಯ ಕಡೆ ನೋಡಿದರು. ಯಾರೋ ಹೇಳಿದ್ದನ್ನು ಒಪ್ಪಿಕೊಳ್ಳುವ ಹಾಗೆ ಸಣ್ಣಗೆ ತಲೆಯಾಡಿಸಿದರು.

“ಪ್ಯಾಕ್” ಎಂದರು.

ಎದ್ದುಹೋಗಿ ಗೂಡಿನ ಕಾರ್ಡು ತೆಗೆದುಕೊಂಡು ಅಡುಗೆಮನೆಯ ಮಣೆಯ ಮೇಲೆ ಬರೆಯಲು ಕೂತರು. ನಾನು ಮಾಡಬಾರದ್ದನ್ನು ಮಾಡಿದೆ. ಅವರು ಮಗುಚಿಟ್ಟ ಎಲೆಗಳನ್ನು ತೆರೆದು ನೋಡಿದೆ. ಮೂರು ರಾಣಿಯರು. ಜೀವಮಾನದಲ್ಲಿ ಅಂಥ ಕೈ ಬಿಟ್ಟವರಲ್ಲ ಅವರು. ನನ್ನ ಸೊನ್ನೆಯ ಮುಂದೆ ಬಿಟ್ಟಿದ್ದರು. ಅಷ್ಟಕ್ಕೆ ನಿಲ್ಲಿಸಬೇಕಾಗಿತ್ತು. ಕನ್ನಡಕದ ಡಬ್ಬಿ ಎತ್ತಿದೆ. ಅದಕ್ಕೆ ಹೊಸದಾಗಿ ಒಂದು ರಬ್ಬರ್ ಬ್ಯಾಂಡು ಸುತ್ತಿತ್ತು. ಕೆಳಗಿನ ಐದು ಎಲೆ ತಿರುಗಿಸಿದೆ. ನಾಲ್ಕು ಬದಾಮ, ಒಂದು ಕರಿಯದು. ನನ್ನ ಹಾಗೆಯೇ ಮಾವನಿಗೂ ಬೇಕಾದ ಎಲೆ ಬಂದಿರಲಿಲ್ಲ. ಎಲೆಗಳನ್ನು ಮಗುಚಿ, ಡಬ್ಬಿಯನ್ನು ಮೊದಲಿನ ಹಾಗೆಯೇ ಇಟ್ಟೆ.

ಅತ್ತೆ ಕಾರ್ಡು ತಂದು ಕೈಗೆ ಕೊಟ್ಟು, ಪೋಸ್ಟಿನ ಡಬ್ಬಿಗೆ ಹಾಕಿ ಬರ್ರಿ ಎಂದರು. ಅಳಿಯನಿಗೆ ಕೆಲಸ ಸಿಕ್ಕಿದೆ, ನಾವು ಬರುವುದಿಲ್ಲ, ಇವರನ್ನು ಬಿಟ್ಟು ನನಗೆ ಬರುವುದಾಗುವುದಿಲ್ಲ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಕೆಂಪು ಡಬ್ಬಿಯ ಮುಂದೆ ಎಷ್ಟು ಹೊತ್ತು ನಿಂತೆನೋ. ಹರಿದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ಹಾಕಿದೆ. ಒಳಗೆ ಅದು ಬಿದ್ದ ಸಪ್ಪಳ ಕೇಳಿ ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಊಟದ ಡಬ್ಬಿ ಕೊಡುವಾಗ ಅತ್ತೆ ಮೆಟ್ಟಿಲ ತನಕ ಬಂದರು. “ಇವತ್ತು ಪೂರಾ ದಾರಿ ಹೋಗಿ ಬರ್ರಿ” ಎಂದರು.

ಆ ದಿನ ತೋಟಕ್ಕೆ ಹೋಗಲು ಧೈರ್ಯವಾಗಲಿಲ್ಲ. ಶಿರೂರಿನ ಬಸ್ಸು ಹತ್ತಿ ರಾಂಜಣಗಾಂವದಲ್ಲಿ ಇಳಿದು, ಅಲ್ಲಿಯ ಗುಡಿಯ ಗಣಪತಿಗೆ ಹೊರಗಿನಿಂದಲೇ ಕೈ ಮುಗಿದು, ಕಾರ್ಖಾನೆಯ ಗೇಟಿಗೆ ಹೋದೆ. ಒಂದು ತಾಸು ಕಾಯಿಸಿ ಮ್ಯಾನೇಜರು ಕರೆದ. “ಬರಂ ಝಾಲಂ ಆಲಾತ” ಎಂದ, ಬಂದದ್ದು ಒಳ್ಳೆಯದಾಯಿತು. ಆ ಜಾಗಕ್ಕೆ ಬರಬೇಕಾದವನು ಅದೇ ಬೆಳಿಗ್ಗೆ ಬರುವುದಿಲ್ಲ ಎಂದು ಫೋನು ಮಾಡಿದ್ದನಂತೆ. ನಾಳೆಯಿಂದ ಬರುತ್ತೀರಾ ಎಂದು ಕೇಳಿದ. ನನಗೆ ಕಾಗದ ಹಾಕಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಐದನೆಯ ಬದಾಮ ಕೈಗೆ ಬಿದ್ದಾಗ ಅದು ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ? ಕ್ಯಾಂಟೀನಿನ ಉಪ್ಪಿಟ್ಟು ಮಾತ್ರ ನಾನು ಬಣ್ಣಿಸಿದಷ್ಟು ಚೆನ್ನಾಗಿರಲಿಲ್ಲ.

ಮಗಳು ಹುಟ್ಟಿದಳು. ಭಾನುವಾರದ ಆಟ ನಡೆದೇ ಇತ್ತು, ಅತ್ತೆ ಮತ್ತೆ ಮೊದಲಿನ ಹಾಗೆ ಪ್ಯಾಕ್, ಪ್ಯಾಕ್. ಇಂಗ್ಲಿಷ್ ಲಕೋಟೆಗಳನ್ನು ಮಾತ್ರ ಅವರು ಡಬ್ಬಿಯ ಒಳಗೆ ಇಡುವುದನ್ನು ಬಿಟ್ಟು ಅದರ ಕೆಳಗೆ ಇಡತೊಡಗಿದರು. ಕಂಡೆ, ಕೇಳಲಿಲ್ಲ. ನನ್ನ ಸುಳ್ಳು ಸುಳ್ಳೆಂದು ಅವರಿಗೆ ಗೊತ್ತಿತ್ತೇ ಎನ್ನುವುದನ್ನೂ ಕೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತ ಎಂಟು ವರ್ಷ ಕಳೆದೆ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅತ್ತೆ ನಾಲ್ಕು ಗಂಟೆಯ ಚಹಾಕ್ಕೆ ಏಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ವಿದ್ಯಾ ಅಪ್ಪನ ಕನ್ನಡಕದ ಡಬ್ಬಿ ತೆಗೆದಳು. ರಬ್ಬರ್ ಬ್ಯಾಂಡು ಮುಟ್ಟಿದರೆ ಪುಡಿಯಾಯಿತು. ಕನ್ನಡಕದ ಅಡಿಯಲ್ಲಿ, ಮೂರು ಮಡಿಕೆ ಮಾಡಿದ ಒಂದು ಲಕೋಟೆ. ಮೇಲೆ ನನ್ನ ಹೆಸರು, ಮೂಲೆಯಲ್ಲಿ ರಾಂಜಣಗಾಂವದ ಆ ಕಾರ್ಖಾನೆಯ ಹೆಸರು. ಅಂಚೆಯ ಮುದ್ರೆ ಆ ಭಾನುವಾರದ ಹಿಂದಿನ ಬುಧವಾರದ್ದು. ಅಂಟು ಬಿಟ್ಟಿರಲಿಲ್ಲ. ಯಾರೂ ಒಡೆದಿರಲಿಲ್ಲ. ನಾನೇ ಒಡೆದೆ. ಇಂಗ್ಲಿಷಿನಲ್ಲಿ ಮೂರು ಸಾಲು. ವಿಷಾದಿಸುತ್ತೇವೆ, ಆ ಜಾಗಕ್ಕೆ ಬೇರೆಯವರನ್ನು ಆರಿಸಿದ್ದೇವೆ.

ಗುರುವಾರ, ಅತ್ತೆ ಕ್ಯಾಂಟೀನಿನ ಸುದ್ದಿ ಕೇಳುವುದನ್ನು ಬಿಟ್ಟ ದಿನ, ಬಂದ ಕಾಗದ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಅದು ಒಡೆಯದ ಕಾಗದ. ಅವರು ಅದನ್ನು ಓದುವವರ ಕನ್ನಡಕದ ಅಡಿಯಲ್ಲಿ ಇಟ್ಟಿದ್ದರು. ಶುಕ್ರವಾರದೊಳಗೆ ಅವರಿಗೆ ಉತ್ತರ ತಿಳಿದಿತ್ತು. ತಿಳಿದೂ ಭಾನುವಾರ ನನ್ನನ್ನು ಕೇಳಿದರು, ನನ್ನ ಸುಳ್ಳನ್ನು ಕೇಳಿಸಿಕೊಂಡು ಮೂರು ರಾಣಿಯರನ್ನು ಮಗುಚಿಟ್ಟು, ತಮ್ಮನ ಮನೆಯ ಬಾಗಿಲು ಮುಚ್ಚುವ ಕಾರ್ಡು ಬರೆದರು. ನಾನು ಎಂಟು ವರ್ಷ ಗೆದ್ದೆ ಎಂದುಕೊಂಡಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ, ಒಬ್ಬರ ಮೇಲೆ ಅಷ್ಟು ಪ್ರೀತಿಯೂ.

ಕಾಗದವನ್ನು ವಿದ್ಯಾಳ ಕೈಗೆ ಕೊಟ್ಟು, ತೋಟದ ಬೆಂಚಿನಿಂದ ಹಿಡಿದು ಎಲ್ಲ ಹೇಳಿದೆ. ಆಮೇಲೆ ಖಾಲಿ ಕೋಣೆಯ ಕಡೆ ತಿರುಗಿ ಹೇಳಿದೆ, “ಎಲಿ ಬಂದಿದ್ದಿಲ್ರಿ, ಅತ್ತಿಯವರ.”

ಮುಂದಿನ ಭಾನುವಾರ ಊಟವಾದ ಮೇಲೆ ವಿದ್ಯಾ ಮಲಗಲು ಹೋಗಲಿಲ್ಲ. ತಾನಾಗಿ ಬಂದು ಮೇಜಿನ ಎದುರು ಕೂತು ಇಸ್ಪೀಟು ಕಲಸಿದಳು. ನಾಲ್ಕು ಕೈ ಹಂಚಿದಳು. ನನಗೆ, ತನಗೆ, ಬೆತ್ತದ ಕುರ್ಚಿಗೆ, ಅದರ ಪಕ್ಕಕ್ಕೆ ತಂದಿಟ್ಟ ಅತ್ತೆಯ ಮಣೆಗೆ. ಕೆಳಗೆ ಪೇಟೆ ಮಲಗಿತ್ತು. ಅಪ್ಪನಿಗೆ ಒಂದು ಎಲೆ ಬದಲಿಸಿ ಅವಳು ನನ್ನ ಕಡೆ ನೋಡಿದಳು.

“ಅವ್ವಗ ಎಷ್ಟು ಕೊಡ್ಲಿ?”

ನಾನು ಸ್ವಲ್ಪ ತಲೆ ವಾಲಿಸಿದೆ.

“ಒಂದೂ ಬ್ಯಾಡಂತ, ಕೈಯಾಗ ಇದ್ದದ್ದು ಇದ್ದದ್ದಂತ” ಎಂದೆ. ವಿದ್ಯಾ ಮಣೆಯ ಮುಂದಿನ ಐದು ಎಲೆಗಳನ್ನು ಮುಟ್ಟದೆ ಕಟ್ಟನ್ನು ಕೆಳಗಿಟ್ಟಳು.